ಮೆಚ್ಚಿದ ಪುಸ್ತಕವನ್ನು ಬಿಚ್ಚಿ ನೋಡಿ ಕಥೆ ಕಟ್ಟುವುದನ್ನು ಕಲಿಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಕಥೆ ಬರೆಯುವುದು ಹೇಗೆ ಎಂದು ಕೇಳಿದವರಿಗೆಲ್ಲ ಸಿಗುವ ಉತ್ತರ ಒಂದೇ: ಚೆನ್ನಾಗಿ ಓದಿ. ಅವರು ಓದುತ್ತಾರೆ ಕೂಡ. ವರ್ಷಕ್ಕೆ ಮೂವತ್ತು ನಲವತ್ತು ಪುಸ್ತಕ ಓದಿದವರ ಹಸ್ತಪ್ರತಿಗಳೂ ನನ್ನ ಕೈಗೆ ಬರುತ್ತವೆ. ಮೊದಲ ಕಥೆಗೂ ಐದನೇ ಕಥೆಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಓದುವಾಗ ಮಾಡಿಕೊಂಡ ಟಿಪ್ಪಣಿ ತೋರಿಸಿ ಅಂದರೆ ನೋಟ್‌ಬುಕ್ಕಿನ ತುಂಬ ಇಷ್ಟಪಟ್ಟ ಸಾಲುಗಳು. ಮಳೆಯ ವರ್ಣನೆ, ಅಮ್ಮನ ಬಗ್ಗೆ ಎರಡು ಸಾಲು, ಸಾವಿನ ಬಗ್ಗೆ ಒಂದು ಮಾತು.

ತಪ್ಪು ಆಗುತ್ತಿರುವುದು ಅಲ್ಲೇ. ಸಾಲು ಚೆಂದ ಕಾಣುವುದು ಅದು ಕೂತಿರುವ ಜಾಗದಿಂದ. ಓದುಗನಿಗೆ ಅದಕ್ಕಿಂತ ಮುಂಚೆ ಏನು ಗೊತ್ತಾಗಿತ್ತು, ಏನನ್ನು ಮುಚ್ಚಿಟ್ಟಿದ್ದರು, ಯಾವುದನ್ನು ಹೇಳಲು ಎಷ್ಟು ಪುಟ ಕಾಯಿಸಿದರು ಎಂಬ ಕ್ರಮದಲ್ಲಿ ಕಸುಬು ಇದೆ. ಈ ಕ್ರಮ ಒಂದು ಓದಿಗೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣುವಂತೆ ಮಾಡುವ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಆರನೆಯದು ಸುಲಭ ಎಂದು ಅಲ್ಲಿಂದಲೇ ಶುರು ಮಾಡಿದವರು ಅನುಕರಣೆಯಲ್ಲಿ ಸಿಕ್ಕಿಬೀಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಬೇಕಾದ ಸಾಮಾನು

200 ಪುಟದ ಒಂದು ಲಾಂಗ್ ನೋಟ್‌ಬುಕ್, ಪೆನ್ಸಿಲ್, ಎರಡು ಬಣ್ಣದ ಪೆನ್ನು. ಪುಸ್ತಕ ನಿಮ್ಮ ಸ್ವಂತದ್ದಾಗಿರಲಿ. ಲೈಬ್ರರಿಯದ್ದಾದರೆ ಅದರ ಮೇಲೆ ಗೀಚಬೇಡಿ, ಅಭ್ಯಾಸಕ್ಕೆ ಬೇಕಾದ ನಾಲ್ಕಾರು ಪುಟ ಮಾತ್ರ ಜೆರಾಕ್ಸ್ ಮಾಡಿಸಿಕೊಳ್ಳಿ. ಮೊಬೈಲಿನಲ್ಲಿ ಟಿಪ್ಪಣಿ ಮಾಡುವವರು ಮೂರನೇ ಹಂತದಲ್ಲಿ ಕಷ್ಟಪಡುತ್ತಾರೆ. ಇಡೀ ಕಥೆಯ ಪಟ್ಟಿ ಒಂದೇ ನೋಟಕ್ಕೆ ಸಿಗಬೇಕು, ಸಣ್ಣ ಪರದೆಯಲ್ಲಿ ಅದು ಸಿಗುವುದಿಲ್ಲ.

ಸಮಯ: ದಿನಕ್ಕೆ 45 ನಿಮಿಷದಂತೆ ಒಂದು ನೀಳ್ಗತೆಗೋ ಸಣ್ಣ ಕಾದಂಬರಿಗೋ ಆರು ವಾರ.

1. ಪುಸ್ತಕ ಆರಿಸಿಕೊಳ್ಳುವುದು

ಯಾರೂ ಹೇಳದೆ ನೀವಾಗಿಯೇ ಎರಡನೇ ಸಲ ಓದಿದ ಪುಸ್ತಕ ಯಾವುದು? ಅದೇ ನಿಮ್ಮ ಪಠ್ಯ. ಪ್ರಶಸ್ತಿ ಬಂದದ್ದು, ಸಿಲೆಬಸ್ಸಿನಲ್ಲಿ ಇದ್ದದ್ದು, ಓದಿಲ್ಲ ಎಂದರೆ ನಾಚಿಕೆ ಅನ್ನಿಸುವಂಥದ್ದು ಬೇಡ. ಇಷ್ಟವಿಲ್ಲದ ಪುಸ್ತಕವನ್ನು ಆರು ವಾರ ಕೈಯಲ್ಲಿ ಹಿಡಿದು ಕೂರಲು ಯಾರಿಂದಲೂ ಆಗುವುದಿಲ್ಲ.

ಗಾತ್ರ ಸಣ್ಣದಿರಲಿ. ‘ಮಲೆಗಳಲ್ಲಿ ಮದುಮಗಳು’ ನಿಮ್ಮ ಅಚ್ಚುಮೆಚ್ಚಿನ ಕಾದಂಬರಿ ಆಗಿರಬಹುದು, ನನಗೂ ಹೌದು. ಆದರೆ ಅಷ್ಟು ಮನೆ, ಅಷ್ಟು ಜನ, ಅಷ್ಟು ದಾರಿಗಳಿರುವ ಕೃತಿಯನ್ನು ಮೊದಲ ಸಲಕ್ಕೆ ಬಿಚ್ಚಿದರೆ ಮತ್ತೆ ಜೋಡಿಸಲು ಬರುವುದಿಲ್ಲ. ಹದಿನೈದು ಪುಟದ ಕಥೆ ಅಥವಾ 150 ಪುಟದೊಳಗಿನ ಕಾದಂಬರಿ ಸಾಕು. ಅನುವಾದವಾದರೆ ಐದನೇ ಹಂತದವರೆಗೆ ತೊಂದರೆ ಇಲ್ಲ. ವಾಕ್ಯದ ಕೆಲಸ ಶುರುವಾಗುವ ಆರನೇ ಹಂತಕ್ಕೆ ಮಾತ್ರ ಮೂಲ ಕನ್ನಡದ ಪುಟವೇ ಬೇಕು.

ಉದಾಹರಣೆಗೆ ನಾನಿಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಇಟ್ಟುಕೊಳ್ಳುತ್ತೇನೆ. ಚಿಕ್ಕದು, ಬಹಳ ಜನ ಓದಿರುವುದು, ಎಲ್ಲಕ್ಕಿಂತ ಹೆಚ್ಚಾಗಿ ಅದರ ಕೀಲುಗಳು ಹುಡುಕಿದರೆ ಸಿಗುತ್ತವೆ. ಇನ್ನೂ ಓದದವರು ಮೊದಲು ಓದಿ ಬನ್ನಿ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ.

2. ಮೊದಲ ಓದು: ಗೆರೆ ಎಳೆಯಬೇಡಿ, ಚುಕ್ಕಿ ಇಡಿ

ಪೆನ್ಸಿಲ್ ಹಿಡಿದು ಮಾಮೂಲಿನಂತೆ ಓದಿ. ಸಾಲಿನ ಕೆಳಗೆ ಗೆರೆ ಎಳೆಯಬೇಡಿ. ನಿಮ್ಮ ಮೈಮನಸ್ಸಿನಲ್ಲಿ ಏನಾದರೂ ಆದ ಕಡೆ ಅಂಚಿನಲ್ಲಿ ಒಂದು ಚುಕ್ಕಿ ಇಡಿ, ಅಷ್ಟೇ. ಓದು ವೇಗವಾಯಿತು, ಕಾಫಿ ಆರಿಹೋಯಿತು, ಗಂಟಲು ಕಟ್ಟಿತು, ಒಂದು ಪುಟ ಹಾರಿಸಬೇಕು ಅನ್ನಿಸಿತು: ಎಲ್ಲಕ್ಕೂ ಅದೇ ಚುಕ್ಕಿ. ಬೇಸರ ಬಂದ ಕಡೆಯೂ ಇಡಿ, ಅದೂ ಪಾಠವೇ.

ಕಾರಣ ಬರೆಯಲು ಈಗಲೇ ಕೂರಬೇಡಿ. ಕಾರಣ ಹುಡುಕತೊಡಗಿದ ಕೂಡಲೇ ನೀವು ಓದುಗರಾಗಿ ಉಳಿಯುವುದಿಲ್ಲ. ಆಮೇಲೆ ಬೀಳುವ ಚುಕ್ಕಿಗಳನ್ನು ನಂಬುವಂತಿಲ್ಲ.

ಎಚ್ಚರಿಕೆ: ಪುಸ್ತಕ ಮುಗಿದಾಗ ಪ್ರತಿ ಪುಟದಲ್ಲೂ ಚುಕ್ಕಿ ಇದ್ದರೆ ನೀವು ಭಕ್ತಿಯಿಂದ ಓದಿದ್ದೀರಿ. ಒಂದು ವಾರ ಬಿಟ್ಟು ಮತ್ತೆ ಓದಿ.

3. ದೃಶ್ಯಗಳ ಪಟ್ಟಿ: ಹೆಚ್ಚಿನವರು ಕೈಬಿಡುವ ಹಂತ

ಇಲ್ಲಿ ಎರಡು ವಾರ ಹೋಗುತ್ತದೆ. ಹೋಗಲಿ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ಎಲ್ಲಿ ಮತ್ತು ಎಷ್ಟು ಹೊತ್ತು, ಯಾರಿಗೆ ಏನು ಬೇಕು, ಏನು ಅಡ್ಡಿ, ದೃಶ್ಯ ಮುಗಿಯುವಾಗ ಏನು ಬದಲಾಗಿದೆ, ಎಷ್ಟು ಪುಟ. ಜಾಗ, ಹೊತ್ತು, ಜನ ಈ ಮೂರರಲ್ಲಿ ಒಂದು ಬದಲಾದರೂ ಹೊಸ ದೃಶ್ಯ ಎಂದು ಲೆಕ್ಕ.

ಇಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು ಕಥಾಸಾರ ಬರೆಯುವುದು. ‘ಚಂದ್ರಿ ಬಂದು ನಾರಣಪ್ಪ ಸತ್ತ ಸುದ್ದಿ ಹೇಳುತ್ತಾಳೆ. ಬ್ರಾಹ್ಮಣರು ಸೇರಿ ಚರ್ಚೆ ಮಾಡುತ್ತಾರೆ.’ ಇದು ಪರೀಕ್ಷೆಯ ಉತ್ತರ. ಇದರಿಂದ ಕಥೆ ಕಟ್ಟುವುದು ಬರುವುದಿಲ್ಲ.

ಅದೇ ದೃಶ್ಯವನ್ನು ಕಾಲಂಗಳಿಗೆ ತುಂಬಿ ನೋಡಿ. ಊಟದ ಹೊತ್ತು. ಬೇಕಾದದ್ದು: ಹೆಣದ ಸಂಸ್ಕಾರ ಯಾರು ಮಾಡಬೇಕು ಎಂದು ಪ್ರಾಣೇಶಾಚಾರ್ಯರು ತೀರ್ಮಾನಿಸಬೇಕು. ಅಡ್ಡಿ: ಸತ್ತವನು ಬ್ರಾಹ್ಮಣ್ಯ ಬಿಟ್ಟವನು, ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಮಕ್ಕಳಿಲ್ಲ, ನೆಂಟರು ಒಲ್ಲೆನ್ನುತ್ತಾರೆ. ಬದಲಾದದ್ದು: ಚಂದ್ರಿ ಒಡವೆ ಬಿಚ್ಚಿ ಮುಂದಿಟ್ಟಳು. ಬೇಡ ಎನ್ನುತ್ತಿದ್ದವರ ಮನಸ್ಸಿನಲ್ಲಿ ಆಸೆ ಹುಟ್ಟಿತು. ಇನ್ನೂ ಯಾರೂ ಉಂಡಿಲ್ಲ.

ಕೊನೆಯ ಪುಟ್ಟ ವಾಕ್ಯವನ್ನು ಗಮನಿಸಿ. ಹೆಣ ಬಿದ್ದಿರುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಅಂದರೆ ಹಸಿವೇ ಈ ಕಥೆಯ ಗಡಿಯಾರ. ಆಮೇಲೆ ಆಚಾರ್ಯರು ಗ್ರಂಥ ತೆರೆದು ಹುಡುಕುವಾಗಲೂ, ಮಾರುತಿಯ ಗುಡಿಯಲ್ಲಿ ಅಪ್ಪಣೆಗೆ ಕಾಯುವಾಗಲೂ, ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಆದರೂ ಓದುಗ ಪುಸ್ತಕ ಕೆಳಗಿಡುವುದಿಲ್ಲ, ಏಕೆಂದರೆ ಗಡಿಯಾರ ಓಡುತ್ತಲೇ ಇದೆ. ಪಟ್ಟಿ ಮಾಡದಿದ್ದರೆ ಇದು ನನಗೆ ಕಾಣುತ್ತಿರಲಿಲ್ಲ. ಅದಕ್ಕೂ ಮುಂಚೆ ಮೂರು ಸಲ ಓದಿದ್ದೆ, ಮೂರು ಸಲವೂ ತಾತ್ವಿಕ ಜಿಜ್ಞಾಸೆಯ ಕಾದಂಬರಿ ಎಂದು ತಿಳಿದೇ ಓದಿದ್ದೆ.

ಪಟ್ಟಿ ಮುಗಿದ ಮೇಲೆ ‘ಬದಲಾದದ್ದು’ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿ. ಪ್ರತಿ ಸಾಲಿನಲ್ಲೂ ಹಿಂದಿನದಕ್ಕಿಂತ ಒಂದು ಬಾಗಿಲು ಹೆಚ್ಚು ಮುಚ್ಚಿರುತ್ತದೆ. ಶಾಸ್ತ್ರದ ಬಾಗಿಲು ಮುಚ್ಚಿತು, ದೇವರ ಬಾಗಿಲು ಮುಚ್ಚಿತು. ಆಚಾರ್ಯರು ಕಾಡಿನಲ್ಲಿ ಚಂದ್ರಿಯ ಎದುರು ನಿಲ್ಲುವುದು ಅದರ ನಂತರವೇ. ಮೊದಲೇ ಆಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಎಚ್ಚರಿಕೆ: ‘ಬದಲಾದದ್ದು’ ಕಾಲಂನಲ್ಲಿ ‘ದುಃಖವಾಯಿತು’, ‘ಅರಿವಾಯಿತು’ ಎಂದೇ ಬರೆಯುತ್ತಿದ್ದೀರಿ ಎಂದಾದರೆ ನಿಲ್ಲಿಸಿ. ಕಣ್ಣಿಗೆ ಕಾಣುವ ಬದಲಾವಣೆ ಹುಡುಕಿ. ಒಡವೆ ಕೊರಳಿನಿಂದ ನೆಲಕ್ಕೆ ಬಂತು ಎಂಬಷ್ಟು ಸ್ಥೂಲವಾಗಿರಲಿ.

4. ಕೊನೆಯಿಂದ ಹಿಂದಕ್ಕೆ ಓದುವುದು

ಈಗ ಕೊನೆಯ ದೃಶ್ಯದಿಂದ ಶುರು ಮಾಡಿ. ಮುಖ್ಯ ಘಟನೆ ಒಂದೊಂದಕ್ಕೂ ಕೇಳಿಕೊಳ್ಳಿ: ಇದರ ಬೀಜ ಎಲ್ಲಿ ಬಿದ್ದಿತ್ತು?

ಕಾದಂಬರಿ ಮುಂದುವರಿದಂತೆ ಇಲಿಗಳು ಸಾಯತೊಡಗುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಅಗ್ರಹಾರದವರು ಅದಕ್ಕೆ ತಮ್ಮದೇ ಅರ್ಥ ಹಚ್ಚಿಕೊಳ್ಳುತ್ತಾರೆ. ಓದುಗನಿಗೆ ಮಾತ್ರ ಪ್ಲೇಗಿನ ಗುಮಾನಿ ಹತ್ತಿರುತ್ತದೆ. ಹೇಗೆ? ಹಿಂದಕ್ಕೆ ಹೋಗಿ. ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದವನು ಜ್ವರ ಬಂದು ಮಲಗಿದ್ದ ಎಂಬ ಮಾತು ಶುರುವಿನಲ್ಲೇ ಬಂದಿದೆ. ಆಗ ನಮ್ಮ ಗಮನವೆಲ್ಲ ಹೆಣ ಯಾರು ಎತ್ತಬೇಕು ಎಂಬ ಜಗಳದ ಮೇಲೆ. ದೊಡ್ಡ ಗದ್ದಲದ ನಡುವೆ ಸಣ್ಣ ಮಾಹಿತಿಯನ್ನು ಇಟ್ಟು ಹೋಗಿದ್ದಾರೆ.

ಬಣ್ಣದ ಪೆನ್ನಿನಿಂದ ಪಟ್ಟಿಯಲ್ಲಿ ಬೀಜದಿಂದ ಫಲಕ್ಕೆ ಬಾಣದ ಗುರುತು ಎಳೆಯಿರಿ. ನಡುವೆ ಎಷ್ಟು ಪುಟ ಇದೆ ಎಂದು ಬರೆಯಿರಿ. ನಿಮ್ಮ ಹಿಂದಿನ ಕಥೆಯೊಂದಕ್ಕೂ ಹೀಗೇ ಮಾಡಿ ನೋಡಿ. ಹೊಸಬರ ಕಥೆಗಳಲ್ಲಿ ಬಾಣಗಳೇ ಇರುವುದಿಲ್ಲ. ಇದ್ದರೂ ಒಂದೇ ಪುಟದೊಳಗೆ ಮುಗಿದಿರುತ್ತವೆ: ಅಜ್ಜನಿಗೆ ಹೃದಯದ ತೊಂದರೆ ಇತ್ತು, ಮುಂದಿನ ಪ್ಯಾರಾದಲ್ಲಿ ಅಜ್ಜ ತೀರಿಕೊಂಡ.

5. ಹೇಳುತ್ತಿರುವವರು ಯಾರು, ಎಲ್ಲಿ ನಿಂತಿದ್ದಾರೆ?

‘ನಾನು’ ಎಂದಿದೆಯೋ ‘ಅವನು’ ಎಂದಿದೆಯೋ ನೋಡಿ ಮುಂದೆ ಹೋಗುವವರೇ ಹೆಚ್ಚು. ಅದು ಸಾಲದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಹೆಸರಿಲ್ಲದ ಒಬ್ಬ ‘ನಾನು’ ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುವ ಪುಸ್ತಕ. ಅವನು ಎಲ್ಲ ಹೇಳುತ್ತಿದ್ದಾನೆ ಅನ್ನಿಸುತ್ತದೆ. ಎರಡನೇ ಓದಿನಲ್ಲಿ ಅವನು ಯಾವ ಕಡೆ ಮಾತು ಬದಲಿಸುತ್ತಾನೆ ಎಂದು ಗುರುತು ಹಾಕಿಕೊಂಡು ಹೋಗಿ, ಆಗ ಬೇರೆಯದೇ ಕಥೆ ಕಾಣುತ್ತದೆ.

ಕನ್ನಡದಲ್ಲಿ ಈ ಕೆಲಸಕ್ಕೆ ನಮ್ಮದೇ ಸೂಕ್ಷ್ಮ ಹತಾರಗಳಿವೆ. ‘ಸೀತಮ್ಮ ಊರು ಬಿಟ್ಟಳು’ ಅಂದರೆ ನಿರೂಪಕನಿಗೆ ಗೊತ್ತು. ‘ಬಿಟ್ಟಳಂತೆ’ ಅಂದರೆ ಯಾರೋ ಹೇಳಿದ್ದು, ಜವಾಬ್ದಾರಿ ಅವನದಲ್ಲ. ‘ಬಿಟ್ಟೇಬಿಟ್ಟಳು’ ಅಂದರೆ ಬಿಡುತ್ತೇನೆ ಎಂದು ಅವಳು ಹಿಂದೆ ಎಷ್ಟೋ ಸಲ ಹೇಳಿದ್ದಳು ಎಂಬುದೂ ಗೊತ್ತಾಯಿತು. ‘ಬಿಟ್ಟಳೋ, ಬಿಡಿಸಿದರೋ’ ಅಂದರೆ ಇಡೀ ಊರಿನ ಪಿಸುಮಾತು ಒಳಗೆ ಬಂತು. ನಾಲ್ಕಕ್ಷರದಲ್ಲಿ ನಿರೂಪಕ ನಾಲ್ಕು ಬೇರೆ ಬೇರೆ ಜಾಗದಲ್ಲಿ ನಿಂತ. ನಿಮ್ಮ ಪುಸ್ತಕದಲ್ಲಿ ಬರುವ ಪ್ರತಿ ‘ಅಂತೆ’, ಪ್ರತಿ ‘ಬಿಟ್ಟ’, ಪ್ರತಿ ‘ಕೊಂಡ’, ಸಾಲಿನ ತುದಿಯ ‘ಏ’, ‘ಓ’ಗಳ ಸುತ್ತ ಒಂದು ಪುಟದಲ್ಲಿ ಸುತ್ತು ಹಾಕಿ. ಜೊತೆಗೆ ಯಾರು ಯಾರನ್ನು ‘ನೀನು’ ಅನ್ನುತ್ತಾರೆ, ಯಾರನ್ನು ‘ನೀವು’ ಅನ್ನುತ್ತಾರೆ, ಅದು ಎಲ್ಲಿ ಬದಲಾಗುತ್ತದೆ ಎಂದು ನೋಡಿ. ಹೆಂಡತಿ ಒಂದು ಸಲ ‘ನೀವು’ ಬಿಟ್ಟು ‘ನೀನು’ ಅಂದರೆ ಅರ್ಧ ಪುಟದ ಜಗಳ ಬರೆಯುವ ಅಗತ್ಯವೇ ಇಲ್ಲ.

6. ಒಂದು ಪುಟ ಕೈಯಿಂದ ನಕಲು ಮಾಡುವುದು

ಹೆಚ್ಚು ಚುಕ್ಕಿ ಬಿದ್ದ ಒಂದು ಪುಟ ಆರಿಸಿ. ಸಾವಕಾಶವಾಗಿ, ಒಂದೊಂದು ವಾಕ್ಯ ಓದಿ, ಮನಸ್ಸಿನಲ್ಲಿ ಹಿಡಿದು, ಪುಸ್ತಕ ನೋಡದೆ ಬರೆಯಿರಿ. ಆಮೇಲೆ ತಾಳೆ ನೋಡಿ. ನೀವು ತಪ್ಪಿದ ಕಡೆಯೆಲ್ಲ ಲೇಖಕ ನಿಮ್ಮ ಅಭ್ಯಾಸಕ್ಕಿಂತ ಬೇರೆ ಏನೋ ಮಾಡಿದ್ದಾನೆ ಎಂದು ಅರ್ಥ.

ನಕಲು ಮುಗಿದ ಮೇಲೆ ಪ್ರತಿ ವಾಕ್ಯದಲ್ಲಿ ಎಷ್ಟು ಪದ ಇವೆ ಎಂದು ಎಣಿಸಿ ಅಂಚಿನಲ್ಲಿ ಬರೆಯಿರಿ. ಪ್ರತಿ ವಾಕ್ಯದ ಕೊನೆಯ ಪದವನ್ನು ಬೇರೆ ಹಾಳೆಯಲ್ಲಿ ಒಂದರ ಕೆಳಗೊಂದು ಪಟ್ಟಿ ಮಾಡಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಎಚ್ಚರ ತಪ್ಪಿದರೆ ಪುಟವೆಲ್ಲ ‘ಬಂದನು, ನೋಡಿದನು, ಕೂತನು’ ಎಂದು ಸುತ್ತಿಗೆ ಬಡಿದಂತೆ ಕೇಳುತ್ತದೆ. ಪಳಗಿದ ಕೈ ಇದನ್ನು ಹೇಗೆ ತಪ್ಪಿಸುತ್ತದೆ ಎಂಬುದು ಈ ಪಟ್ಟಿಯಲ್ಲಿ ಸಿಗುತ್ತದೆ. ಕ್ರಿಯಾಪದವೇ ಇಲ್ಲದ ವಾಕ್ಯ. ನಾಲ್ಕು ಕೆಲಸವನ್ನು ‘ಇಟ್ಟು, ಒರೆಸಿ, ಮಡಚಿ’ ಎಂದು ಪೋಣಿಸಿ ಕೊನೆಗೆ ಒಂದೇ ಗಂಟು ಹಾಕುವುದು. ನಡುವೆ ಒಂದು ಮಾತು ತೂರಿಸುವುದು.

ದೇವನೂರ ಮಹಾದೇವರ ‘ಒಡಲಾಳ’ದಂಥ ಕೃತಿ ನಿಮ್ಮ ಆಯ್ಕೆಯಾಗಿದ್ದರೆ ಇನ್ನೊಂದು ಕೆಲಸ ಸೇರಿಸಿ: ಗಟ್ಟಿಯಾಗಿ ಓದಿ. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಪಡುವ ಪಾಡು, ರಾತ್ರಿ ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ದೃಶ್ಯ ಕಣ್ಣಿಗಿಂತ ಮೊದಲು ಕಿವಿಗೆ ತಲುಪಬೇಕಾದವು.

ಎಚ್ಚರಿಕೆ: ದಿನಕ್ಕೆ ಒಂದು ಪುಟ ಸಾಕು. ಐದು ಪುಟ ಬರೆದರೆ ಕೈ ಓಡುತ್ತದೆ, ಮನಸ್ಸು ಮಲಗುತ್ತದೆ.

7. ನೆನಪಿನಿಂದ ಕಟ್ಟುವುದು

ಒಂದು ದೃಶ್ಯವನ್ನು ಆರೇಳು ಸುಳಿವುಗಳಲ್ಲಿ ಬರೆದಿಟ್ಟುಕೊಳ್ಳಿ. ‘ಬಾವಿ ಕಟ್ಟೆ – ತಂಗಿ ಕೊಡ ಇಳಿಸುತ್ತಾಳೆ – ಅಕ್ಕ ನೋಡದ ಹಾಗೆ – ಬಳೆ ಇಲ್ಲ’ ಎಂಬಷ್ಟು ಚಿಕ್ಕದಾಗಿ. ಪುಸ್ತಕ ಒಳಗಿಡಿ. ಐದು ದಿನ ಬಿಟ್ಟು ಆ ಸುಳಿವುಗಳಿಂದ ದೃಶ್ಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಆಮೇಲೆ ಮೂಲದ ಪಕ್ಕದಲ್ಲಿಟ್ಟು ನೋಡಿ. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ‘ಸ್ಪೆಕ್ಟೇಟರ್’ ಪತ್ರಿಕೆಯ ಲೇಖನಗಳ ಮೇಲೆ ಇದೇ ರೀತಿ ಅಭ್ಯಾಸ ಮಾಡಿ ಗದ್ಯ ಕಲಿತದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುಳಿವುಗಳ ಚೀಟಿಯನ್ನು ಕಲಸಿಬಿಟ್ಟು, ಕೆಲವು ವಾರದ ನಂತರ ಸರಿಯಾದ ಕ್ರಮಕ್ಕೆ ಜೋಡಿಸುವುದೂ ಅವನ ಅಭ್ಯಾಸದ ಭಾಗವಾಗಿತ್ತು. ಆ ಎರಡನೇ ಭಾಗವನ್ನು ತಪ್ಪಿಸಬೇಡಿ, ಕ್ರಮ ಕಲಿಸುವುದು ಅದೇ.

ತಾಳೆ ನೋಡುವಾಗ ‘ನನ್ನದು ಕೆಟ್ಟದಾಗಿದೆ’ ಎಂದು ಬರೆದು ಮುಚ್ಚಿಡುವವರು ತುಂಬ. ಅದರ ಬದಲು ಎರಡು ಪ್ರಶ್ನೆ ಕೇಳಿ. ನಾನು ಹೇಳಿದ್ದರಲ್ಲಿ ಲೇಖಕ ಹೇಳದೆ ಬಿಟ್ಟದ್ದು ಯಾವುದು? ಅವನು ಹೇಳಿದ್ದರಲ್ಲಿ ನನಗೆ ಹೊಳೆಯದೇ ಹೋದದ್ದು ಯಾವುದು? ಮೊದಲನೆಯ ಉತ್ತರ ಯಾವಾಗಲೂ ಉದ್ದ ಇರುತ್ತದೆ.

ಈ ಅಭ್ಯಾಸದ ಹಾಳೆಗಳು ನಿಮ್ಮ ನೋಟ್‌ಬುಕ್ ಬಿಟ್ಟು ಹೊರಗೆ ಹೋಗಬಾರದು. ಹೆಸರು, ಊರು ಬದಲಿಸಿ ವಿಶೇಷಾಂಕಕ್ಕೆ ಕಳಿಸಿದರೆ ಅದು ಕಳವು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕಾನೂನು ಹಾಗಿರಲಿ, ಅಭ್ಯಾಸಕ್ಕೆ ಎತ್ತಿಕೊಂಡದ್ದನ್ನು ಸ್ವಂತದ್ದೆಂದು ಮಾರಿದವರಿಗೆ ಮುಂದಿನ ಕಥೆ ಹುಟ್ಟುವುದಿಲ್ಲ. ಒಳ್ಳೆಯ ಕೈ ಇದ್ದ ಇಬ್ಬರನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ, ಆ ನೋವು ಇನ್ನೂ ಇದೆ.

8. ನಿಮ್ಮ ಕಥೆಗೆ ಒಂದೇ ಒಂದು ಸಂಗತಿ ತನ್ನಿ

ಇಲ್ಲಿಯವರೆಗೆ ಕಲಿತದ್ದರಲ್ಲಿ ಒಂದನ್ನು ಮಾತ್ರ ಆರಿಸಿ. ಗಡಿಯಾರ, ಬೀಜ ಬಿತ್ತುವುದು, ‘ಅಂತೆ’, ವಾಕ್ಯದ ತುದಿ, ಹೇಳದೆ ಬಿಡುವುದು ಇವುಗಳಲ್ಲಿ ಯಾವುದಾದರೂ ಒಂದು. ವಸ್ತು, ಊರು, ಮಾತು ಪೂರ್ತಿ ನಿಮ್ಮದೇ ಇರಲಿ.

ಧಾರವಾಡ ಕಡೆಯ ಹುಡುಗ ಹೊಲ ಮಾರಿದ ಅಪ್ಪನನ್ನು ಎದುರಿಸುವ ದೃಶ್ಯ ಎಂದುಕೊಳ್ಳಿ. ಸಾಮಾನ್ಯವಾಗಿ ಮೊದಲ ಕರಡು ಹೀಗಿರುತ್ತದೆ:

‘ಬಸವರಾಜ ಬಹಳ ಬೇಸರದಲ್ಲಿದ್ದನು. ಅಪ್ಪ ಹೊಲ ಮಾರಿದ್ದು ಅವನಿಗೆ ನೋವು ತಂದಿತ್ತು. ಅವನು ಬಸ್ ಸ್ಟ್ಯಾಂಡಿಗೆ ಬಂದು ಅಪ್ಪನನ್ನು ನೋಡಿದನು. “ನನಗೆ ಹೇಳದೆ ಹೊಲವನ್ನು ಎಷ್ಟಕ್ಕೆ ಮಾರಿದಿರಿ?” ಎಂದು ಕೋಪದಿಂದ ಕೇಳಿದನು. ಅಪ್ಪ ಉತ್ತರ ಕೊಡದೆ ತಲೆ ತಗ್ಗಿಸಿದನು.’

‘ಹೇಳದೆ ಬಿಡುವುದು’ ಒಂದನ್ನೇ ತಂದು ಮತ್ತೆ ಬರೆದದ್ದು:

‘ಅಪ್ಪ ಕಂಬಕ್ಕ ಒರಗಿ ಕೂತಿದ್ದ. ಮಗ್ಗುಲಲ್ಲಿ ಹೊಸ ಚಪ್ಪಲಿಯ ಡಬ್ಬಿ.
“ಎಷ್ಟಕ್ಕ ಕೊಟ್ಟಿ ಯಪ್ಪಾ?”
“ಇನ್ನೂರೈವತ್ತಕ್ಕ ಕೊಟ್ಟ ಅಂವಾ. ಮುನ್ನೂರು ಅಂದಿದ್ದ.”
“ನಾ ಚಪ್ಪಲಿ ಕೇಳಲಿಲ್ಲ.”
ಹುಬ್ಬಳ್ಳಿ ಬಸ್ಸು ಬಂತು. ಅಪ್ಪ ಡಬ್ಬಿ ಎತ್ತಿ ಎದೆಗೆ ಅವಚಿಕೊಂಡ.’

‘ಹೊಲ’ ಎಂಬ ಪದವೇ ಇಲ್ಲ. ‘ಕೊಟ್ಟಿ’ ಎಂದು ಮಗ ಕೇಳಿದ್ದನ್ನು ‘ಕೊಟ್ಟ’ ಎಂದು ಅಪ್ಪ ಅಂಗಡಿಯವನ ತಲೆಗೆ ಕಟ್ಟಿದ. ಹೊಲದ ವಿಷಯ ಹಿಂದಿನ ದೃಶ್ಯದಲ್ಲಿ ಬಂದಿರಬೇಕು, ಇಲ್ಲವಾದರೆ ಇದು ಬರೀ ಒಗಟು. ಆದ್ದರಿಂದಲೇ ನಾಲ್ಕನೇ ಹಂತವನ್ನು ದಾಟಿಯೇ ಇಲ್ಲಿಗೆ ಬರಬೇಕು.

ಅನುಕರಣೆಗೆ ಇಳಿಯುತ್ತಿದ್ದೀರಿ ಎಂಬುದರ ಗುರುತು: ರಾಯಚೂರಿನ ನಿಮ್ಮ ಪಾತ್ರ ಮಲೆನಾಡಿನ ಮಾತಾಡತೊಡಗುತ್ತದೆ, ನೀವು ಎಂದೂ ಕಾಣದ ಮರದ ಹೆಸರು ಬರೆಯುತ್ತೀರಿ, ಮೆಚ್ಚಿದ ಲೇಖಕರ ಹಾಗೆಯೇ ಪ್ಯಾರಾ ಮುಗಿಸುತ್ತೀರಿ. ಇವುಗಳಲ್ಲಿ ಒಂದು ಕಂಡರೂ ಆ ಪುಸ್ತಕವನ್ನು ತಿಂಗಳ ಮಟ್ಟಿಗೆ ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿ, ನಿಮ್ಮ ಮನೆಯವರ ಮಾತನ್ನು ಒಂದು ವಾರ ಬರೆದುಕೊಳ್ಳಿ.

9. ಎರಡನೇ ಪುಸ್ತಕ

ಅದೇ ಲೇಖಕರದ್ದು ಬೇಡ. ಬೇರೆ ಸೀಮೆಯ, ಬೇರೆ ಕಾಲದ ಒಂದನ್ನು ತೆಗೆದುಕೊಂಡು ಮೂರನೇ ಹಂತದ ಪಟ್ಟಿ ಮಾಡಿ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಬಿಡಿಸಿಟ್ಟು ಮೊದಲ ಐದು ದೃಶ್ಯಗಳನ್ನು ಮಾತ್ರ ಹೋಲಿಸಿ: ಮೊದಲ ಅಡ್ಡಿ ಎಷ್ಟನೇ ಪುಟಕ್ಕೆ ಬಂತು, ಗಡಿಯಾರ ಯಾವುದು, ಎರಡನೇ ಮುಖ್ಯ ಪಾತ್ರ ಯಾವಾಗ ಒಳಗೆ ಬಂತು. ಆಮೇಲೆ ಅರ್ಧಕ್ಕೆ ನಿಂತಿರುವ ನಿಮ್ಮ ಕಥೆಯ ಪಟ್ಟಿಯನ್ನು ಮೂರನೆಯದಾಗಿ ಪಕ್ಕಕ್ಕಿಡಿ. ಅದು ಯಾವ ದೃಶ್ಯದಲ್ಲಿ ನಿಂತಿದೆಯೋ ಅದರ ಹಿಂದಿನ ದೃಶ್ಯದ ‘ಬದಲಾದದ್ದು’ ಕಾಲಂ ನೋಡಿ. ಖಾಲಿ ಇದ್ದರೆ ಅಲ್ಲಿಂದಲೇ ಮತ್ತೆ ಬರೆಯಲು ಶುರು ಮಾಡಿ.